ಎಷ್ಟು ರಾತ್ರಿ?

ನಾನು ಆಂಕರ್ ಆಗಿ ಆಗ ಎರಡನೇ ವರ್ಷ. 2013. ಸಂಜೆಯ ಸಿನಿಮಾ-ಮನರಂಜನೆಯ ಬುಲೆಟಿನ್ ನನ್ನ ಪಾಲಿಗೆ ಬಂದಿತ್ತು. ಯಾರೋ ಒಬ್ಬ ಹುಡುಗನ ಹಾಡಿನ ವಿಡಿಯೊ ಒಂದೇ ವಾರದಲ್ಲಿ ಲಕ್ಷಾಂತರ ಮಂದಿಯನ್ನು ಮುಟ್ಟಿತ್ತು. ನಾನು ಕ್ಯಾಮೆರಾ ಕಡೆ ತಿರುಗಿ, ದನಿ ಸ್ವಲ್ಪ ಏರಿಸಿ, "ರಾತ್ರೋರಾತ್ರಿ ಸ್ಟಾರ್!" ಅಂದೆ. ಟೆಲಿಪ್ರಾಂಪ್ಟರ್‌ನಲ್ಲಿ ಹಾಗೇ ಬರೆದಿತ್ತು. ಬರೆದವನೂ ನಾನೇ.

ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದೆ. ಕಲ್ಲೋಳಿಯಿಂದ ಫೋನ್ ಬಂತು. ಮುತ್ಯಾ. ನನ್ನ ಬುಲೆಟಿನ್ ಒಂದನ್ನೂ ತಪ್ಪಿಸುತ್ತಿರಲಿಲ್ಲ ಅವರು. ಸಾಮಾನ್ಯವಾಗಿ ಟೈ ಸೊಟ್ಟ ಇತ್ತು, ಭಾಳ ಗಡಬಡಿಸಿ ಮಾತಾಡತಿ ಅಂತ ಏನಾದರೊಂದು ಹೇಳುವವರು. ಅವತ್ತು ಬೇರೆಯೇ ಕೇಳಿದರು.

"ತಮ್ಮಾ, ಆ ಹುಡುಗ ರಾತ್ರೋರಾತ್ರಿ ದೊಡ್ಡಾವ ಆದ ಅಂದ್ಯಲ್ಲ. ಎಷ್ಟ ರಾತ್ರಿ?"

ನಾನು ನಕ್ಕೆ. ಅವರು ನಗಲಿಲ್ಲ. "ಹಂಗಲ್ಲೋ, ಖರೇನ ಕೇಳಾಕತ್ತೇನಿ. ಎಷ್ಟ ರಾತ್ರಿ ಕೂತಿದ್ದ ಅಂವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹುಡುಗನ ಊರು ಯಾವುದು ಅಂತಲೂ ನಾನು ವಿಚಾರಿಸಿರಲಿಲ್ಲ. ಎಷ್ಟು ಲಕ್ಷ ಜನ ನೋಡಿದರು ಅನ್ನೋದೊಂದೇ ಗೊತ್ತಿತ್ತು.

ಆ ಪ್ರಶ್ನೆಯನ್ನು ಮುತ್ಯಾ ಯಾಕೆ ಕೇಳಿದರು ಅಂತ ತಿಳಿಯಬೇಕಾದರೆ ನೀವು ನಮ್ಮೂರಿಗೆ ಬರಬೇಕು. ಗೋಕಾಕದಿಂದ ಹತ್ತಿರ. ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಸುತ್ತ ಕಬ್ಬು, ನಡುವೆ ಹನುಮಪ್ಪನ ಗುಡಿ. ಶನಿವಾರ ರಾತ್ರಿ ಭಜನಿ. ಒಂದು ಪೇಟಿ, ಒಂದು ಡಗ್ಗಾ, ಎರಡು ಜೋಡಿ ತಾಳ, ನಮ್ಮ ಮುತ್ಯಾನ ಕೈಯಲ್ಲಿ ದಮ್ಮಡಿ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಹತ್ತಕ್ಕೆ ಕೂತರೆ ಏಳುವ ಹೊತ್ತಿಗೆ ಕೋಳಿ ಕೂಗುತ್ತಿತ್ತು. ಶರೀಫರ ಪದ ಬಂದಾಗ ದನಿ ಏರುತ್ತಿತ್ತು. ಕೇಳುವವರು ಎಷ್ಟು ಜನ? ಕೆಲವು ರಾತ್ರಿ ನಲವತ್ತು. ಕೆಲವು ರಾತ್ರಿ ಹಾಡುವವರೇ ಕೇಳುವವರು. ಹೀಗೆ ಐವತ್ತು ವರ್ಷ ದಮ್ಮಡಿ ಬಡಿದ ಮನುಷ್ಯ, ಮೊಮ್ಮಗ ಟಿವಿಯಲ್ಲಿ 'ರಾತ್ರೋರಾತ್ರಿ' ಅಂದಾಗ ಲೆಕ್ಕ ಕೇಳದೆ ಇನ್ನೇನು ಕೇಳಬೇಕು?

ನಮ್ಮ ಭಾಗದಲ್ಲಿ ಇದು ಹೊಸದಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಊರೂರಿಗೆ ಒಯ್ದ ಕುಲಗೋಡ ತಮ್ಮಣ್ಣ ನಮ್ಮ ಪಕ್ಕದವರು. ಪಾರಿಜಾತದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮ ಇದೇ ಸೀಮೆಯವರು. ಇವರದೆಲ್ಲ ಬೆಳತನಕದ ಆಟ. ಚಕ್ಕಡಿ ಕಟ್ಟಿಕೊಂಡು ಊರಿಂದ ಊರಿಗೆ ಹೋಗುವುದು, ಬಯಲಲ್ಲಿ ಆಡುವುದು, ಜನ ಕೊಟ್ಟಿದ್ದು ತಗೊಂಡು ಮುಂದಿನ ಊರು ಹಿಡಿಯುವುದು. ಇಂಗ್ಲಿಷ್‌ನವರು ಇದಕ್ಕೆ 'ಟೂರ್' ಅನ್ನುತ್ತಾರೆ. ನಾವು ಹೆಸರೇ ಇಟ್ಟಿರಲಿಲ್ಲ.

ಮುತ್ಯಾನ ಪ್ರಶ್ನೆಗೆ ಉತ್ತರ ಹುಡುಕಬೇಕು ಅನ್ನಿಸಿತು. ಆ ವೈರಲ್ ಹುಡುಗನ ಸುದ್ದಿ ಹದಿನೈದು ದಿನದಲ್ಲಿ ತಣ್ಣಗಾಯಿತು. ಹಾಗಾಗಿ ನಾನು ಬೇರೊಂದು ಲೆಕ್ಕ ತೆಗೆದುಕೊಂಡೆ. ಕನ್ನಡದಲ್ಲಿ ಹಾಡಿ ನಿಜಕ್ಕೂ ದೊಡ್ಡದಾದ ಒಂದು ರಾಕ್ ಬ್ಯಾಂಡಿನದು. ನೀವೆಲ್ಲ ಬಲ್ಲ ಹೆಸರು: ದಿ ರಘು ದೀಕ್ಷಿತ್ ಪ್ರಾಜೆಕ್ಟ್. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೊರಳಿಗೆ ಗಿಟಾರ್. ಇವರನ್ನೂ ನಾವು ಚಾನೆಲ್‌ನವರು 'ದಿಢೀರ್ ಸಂಚಲನ' ಅಂತಲೇ ಪರಿಚಯಿಸಿದವರು. ಹಾಗಾದರೆ ಎಷ್ಟು ರಾತ್ರಿ?

ಮೊದಲು ಆ ಕಾಲದ ಬೆಂಗಳೂರು ನೋಡಿ. ಆ ಊರಿಗೆ ರಾಕ್ ಸಂಗೀತ ಹೊಸದಲ್ಲ. ಅರವತ್ತು-ಎಪ್ಪತ್ತರ ದಶಕದಿಂದಲೇ ದಂಡು ಪ್ರದೇಶದಲ್ಲಿ, ಕಾಲೇಜುಗಳಲ್ಲಿ ಬ್ಯಾಂಡ್‌ಗಳಿದ್ದವು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ತಂಡ ಸ್ವಂತ ಹಾಡನ್ನೇ ಬರೆದು ಹಾಡುತ್ತಿತ್ತು. ಆದರೆ ಭಾಷೆ ಇಂಗ್ಲಿಷ್. ಕಬ್ಬನ್ ಪಾರ್ಕಿನ ಆ ಕಡೆ ರಾಕ್, ಈ ಕಡೆ ಸುಗಮ ಸಂಗೀತ. ನಡುವೆ ರಸ್ತೆ ಇರಲಿಲ್ಲ ಅಂತಲ್ಲ, ದಾಟುವವರು ಇರಲಿಲ್ಲ.

ಇನ್ನು ಕನ್ನಡದ ಆಡಿಯೊ ಮಾರುಕಟ್ಟೆ. ಕ್ಯಾಸೆಟ್ ಅಂದರೆ ಸಿನಿಮಾ ಹಾಡು. ಅದು ಬಿಟ್ಟರೆ ಭಕ್ತಿಗೀತೆ, ಭಾವಗೀತೆ, ಜನಪದ, ನಾಟಕ. ಅಂಗಡಿಯವನ ಕಪಾಟಿನಲ್ಲಿ ಇವಕ್ಕೆಲ್ಲ ಒಂದೊಂದು ಖಾನೆ ಇತ್ತು. ಗಿಟಾರ್ ಹಿಡಿದು ಕನ್ನಡದ ತತ್ವಪದ ಹಾಡಿದ ಕ್ಯಾಸೆಟ್ಟನ್ನು ಅವನು ಯಾವ ಖಾನೆಗೆ ಇಡಬೇಕು? ಎಂಜಿನಿಯರಿಂಗ್ ಓದಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಸ್ಟ್ಯಾಂಡರ್ಡ್ ಅಳತೆಯ ನಟ್ಟಿಗೆ ಸ್ಟ್ಯಾಂಡರ್ಡ್ ಅಳತೆಯ ಬೋಲ್ಟೇ ಬೇಕು. ನಿಮ್ಮ ಬೋಲ್ಟು ಎಷ್ಟು ಗಟ್ಟಿ ಇದ್ದರೂ ಅಳತೆ ಬೇರೆಯಾದರೆ ಯಾರೂ ಕೊಳ್ಳುವುದಿಲ್ಲ.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ನಾಸಿಕದಲ್ಲಿ. ಬೆಳೆದದ್ದು ಮೈಸೂರಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಅದೂ ಚಿನ್ನದ ಪದಕದ ಜೊತೆ. ಕಲಿತ ಕಲೆ ಭರತನಾಟ್ಯ. ಗಿಟಾರ್ ಕೈಗೆ ಬಂದ ಕಥೆಯನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಗಂಡು ಹುಡುಗ ಭರತನಾಟ್ಯ ಆಡ್ತಾನೆ ಅಂತ ಕಾಲೇಜಿನಲ್ಲಿ ಒಬ್ಬ ಗೇಲಿ ಮಾಡಿದನಂತೆ. ಮಾತಿಗೆ ಮಾತು ಬೆಳೆದು ಪಂತವಾಯಿತಂತೆ. ಆ ಪಂತಕ್ಕೆ ಗಿಟಾರ್ ಕಲಿತರು. ಒಂದು ವಿಷಯ ಗಮನಿಸಿ. ಯಾವ ಗೆಜ್ಜೆಯನ್ನು ನೋಡಿ ನಕ್ಕರೋ ಆ ಗೆಜ್ಜೆಯನ್ನು ಈ ಮನುಷ್ಯ ಬಿಚ್ಚಿಡಲಿಲ್ಲ. ಗಿಟಾರ್ ಜೊತೆ ಅದನ್ನೂ ವೇದಿಕೆಗೆ ತಂದರು.

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ 'ಅಂತರಾಗ್ನಿ' ಅನ್ನೋ ತಂಡ ಹುಟ್ಟಿತು. ರಘು ಅವರ ಹಾಡು, ಎಚ್.ಎನ್. ಭಾಸ್ಕರ್ ಅವರ ಕರ್ನಾಟಕ ಶೈಲಿಯ ಪಿಟೀಲು. ನಡುವೆ ಕೆಲಸದ ಮೇಲೆ ಬೆಲ್ಜಿಯಂಗೆ ಹೋದರು. ಅಲ್ಲಿನ ರೇಡಿಯೊದಲ್ಲಿ ಇವರ ಹಾಡು ಬಂತು. ಭಾಷೆ ಬಾರದವರು ಕೇಳಿ ಇಷ್ಟಪಟ್ಟರು. ಆ ಧೈರ್ಯದ ಮೇಲೆ ಮನುಷ್ಯ ಬೆಂಗಳೂರಿಗೆ ವಾಪಸ್ ಬಂದರು. ಒಂದು ಕ್ಷಣ ಯೋಚನೆ ಮಾಡಿ. ಸಾಫ್ಟ್‌ವೇರ್ ಕಾಲ. ನಮ್ಮ ಕಡೆ ಮನೆಗೊಬ್ಬ ಹುಡುಗ ವಿದೇಶಕ್ಕೆ ಹೋಗಲಿ ಅಂತ ಹರಕೆ ಹೊರುತ್ತಿದ್ದ ದಿನಗಳು. ಇವರು ಯುರೋಪಿನ ಪ್ರಯೋಗಾಲಯ ಬಿಟ್ಟು, ಯಾರೂ ಕೊಳ್ಳದ ಹಾಡು ಹಿಡಿದುಕೊಂಡು ಬಂದರು. ಅವರ ಮನೆಯಲ್ಲಿ ಏನು ಮಾತಾಯಿತೋ, ನಮ್ಮ ಮನೆಯಲ್ಲಾಗಿದ್ದರೆ ಏನು ಮಾತಾಗುತ್ತಿತ್ತು ಅಂತ ನನಗೆ ಗೊತ್ತು.

ಮುಂದಿನ ವರ್ಷಗಳು ಟಿವಿಗೆ ಬರುವಂಥವಲ್ಲ. ಕಾಲೇಜು ಫೆಸ್ಟ್, ಕಂಪನಿ ಕಾರ್ಯಕ್ರಮ, ಚಿಕ್ಕ ವೇದಿಕೆ. ರೆಕಾರ್ಡಿಂಗ್ ಕಂಪನಿಗಳ ಬಾಗಿಲು. ಒಂದೇ ತಂಡ ಕನ್ನಡದಲ್ಲೂ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹಾಡುತ್ತೆ ಅಂದರೆ ಮಾರುವುದು ಹೇಗೆ, ಯಾರಿಗೆ? ಬಾಗಿಲು ತೆರೆಯಲಿಲ್ಲ. 2005ರಲ್ಲಿ ಅಂತರಾಗ್ನಿ ಒಡೆದು ಹೋಯಿತು.

ಬ್ಯಾಂಡ್ ಒಡೆಯೋದು ಅಂದರೆ ನಾಲ್ಕು ಗೆಳೆಯರು ಬೇರೆಯಾದರು ಅಂತಷ್ಟೇ ಅಲ್ಲ. ನಮ್ಮೂರ ಭಜನಿ ಮ್ಯಾಳದಲ್ಲಿ ಪೇಟಿ ನುಡಿಸುವವರು ತೀರಿಕೊಂಡಾಗ ಆರು ತಿಂಗಳು ಭಜನಿ ನಿಂತಿದ್ದು ನನಗೆ ನೆನಪಿದೆ. ಯಾರ ಉಸಿರು ಎಲ್ಲಿ ತಗೊಳ್ಳುತ್ತೆ, ಯಾರು ಎಲ್ಲಿ ತಾಳ ಬಿಡುತ್ತಾರೆ ಅನ್ನೋದು ವರ್ಷಗಟ್ಟಲೆ ಕೂತು ಗೊತ್ತಾಗುವ ಸಂಗತಿ. ಅದು ಹೋದರೆ ಮತ್ತೆ ಒಂದರಿಂದ ಎಣಿಸಬೇಕು. ರಘು ಮತ್ತೆ ಒಂದರಿಂದ ಎಣಿಸಿದರು. ಈ ಸಲ 'ಬ್ಯಾಂಡ್' ಅನ್ನಲಿಲ್ಲ, 'ಪ್ರಾಜೆಕ್ಟ್' ಅಂದರು. ಬರುವವರು ಬರಲಿ, ಹೋಗುವವರು ಹೋಗಲಿ, ಕೆಲಸ ನಿಲ್ಲಬಾರದು ಅನ್ನೋ ಏರ್ಪಾಟು. ಗೌರವ್ ವಾಜ್ ಬೇಸ್ ಗಿಟಾರ್ ನುಡಿಸುತ್ತಲೇ ತಂಡದ ಮ್ಯಾನೇಜರ್ ಕೆಲಸವನ್ನೂ ನೋಡಿಕೊಂಡರು. ದುಡ್ಡಿಲ್ಲದ ತಂಡದಲ್ಲಿ ಒಬ್ಬೊಬ್ಬರಿಗೆ ಎರಡೆರಡು ಕೆಲಸ.

ಆ ವರ್ಷಗಳಲ್ಲೇ ಇನ್ನೊಂದು ತೊಡಕು. ಬೆಂಗಳೂರಿನಲ್ಲಿ 'ಲೈವ್ ಬ್ಯಾಂಡ್' ಅಂದರೆ ಏನು ಅಂತ ನಿಮಗೆ ಗೊತ್ತಲ್ಲ? ಡ್ಯಾನ್ಸ್ ಬಾರ್. ಪೊಲೀಸ್ ಭಾಷೆಯಲ್ಲಿ ಹಾಗೆ, ನಮ್ಮ ಸುದ್ದಿ ಭಾಷೆಯಲ್ಲೂ ಹಾಗೇ. "ಲೈವ್ ಬ್ಯಾಂಡ್ ಮೇಲೆ ದಾಳಿ" ಅಂತ ನಾನೂ ಎಷ್ಟೋ ಸಲ ಓದಿದ್ದೇನೆ. ಇವನ್ನು ಹತೋಟಿಗೆ ತರಲು 2005ರಲ್ಲಿ ಲೈಸೆನ್ಸ್ ಆದೇಶ ಬಂತು. ಅದರ ಹೊಡೆತ ನಿಜವಾದ ಬ್ಯಾಂಡ್‌ಗಳಿಗೂ ಬಿತ್ತು. ಗಿಟಾರ್ ನುಡಿಸುವ ಹುಡುಗರಿಗೂ ವೇದಿಕೆ ಕಷ್ಟವಾಯಿತು. ಸಂಗೀತಗಾರನಿಗೆ ಇರುವ ಸರಿಯಾದ ಹೆಸರೇ ಅಪರಾಧದ ಹೆಸರಾದರೆ ಅವನು ಮನೆಯಲ್ಲಿ ಏನಂತ ಹೇಳಿಕೊಂಡಾನು? "ಅಪ್ಪಾ, ನಾನು ಲೈವ್ ಬ್ಯಾಂಡ್‌ನಲ್ಲಿದ್ದೀನಿ" ಅಂತಲೇ?

ಬಾಗಿಲು ಕೊನೆಗೆ ತೆರೆದದ್ದು ಬೆಂಗಳೂರಿನಲ್ಲಲ್ಲ, ಮುಂಬೈನಲ್ಲಿ. 'ಓಂ ಶಾಂತಿ ಓಂ' ಸಿನಿಮಾದ ಸಂಗೀತದಿಂದ ಮನೆಮಾತಾಗಿದ್ದ ವಿಶಾಲ್-ಶೇಖರ್ ಜೋಡಿ ಈ ತಂಡದ ಹಾಡು ಕೇಳಿ ಮೆಚ್ಚಿತು. ತಮ್ಮದೇ ಹೊಸ ಸಂಸ್ಥೆ ಕೌಂಟರ್ ಕಲ್ಚರ್ ರೆಕಾರ್ಡ್ಸ್‌ನಿಂದ 2008ರಲ್ಲಿ ಆಲ್ಬಂ ಹೊರತಂದಿತು. ಹಲವು ಹಾಡು. ಅದರಲ್ಲಿ ಎರಡು ಶಿಶುನಾಳ ಶರೀಫರವು: ಗುಡುಗುಡಿಯದ್ದೊಂದು, ಸೋರುವ ಮಾಳಿಗೆಯದ್ದೊಂದು. ಅದೇ ವರ್ಷ 'ಸೈಕೋ' ಅನ್ನೋ ಕನ್ನಡ ಸಿನಿಮಾಕ್ಕೆ ರಘು ಸಂಗೀತ ಕೊಟ್ಟರು. ಅದರ ಮಹದೇಶ್ವರನ ಹಾಡು ಆಟೊಗಳಲ್ಲಿ, ಗಣಪತಿ ಪೆಂಡಾಲ್‌ಗಳಲ್ಲಿ ಮೊಳಗಿತು. ಸಿನಿಮಾಕ್ಕಿಂತ ಹಾಡು ಹೆಚ್ಚು ದಿನ ಬಾಳಿತು.

ಹತ್ತು ವರ್ಷ ಆಗಿತ್ತು ಆ ಹೊತ್ತಿಗೆ. ವರ್ಷಕ್ಕೆ 365ರಂತೆ 3,650 ರಾತ್ರಿ. ಇದು ಮುತ್ಯಾನಿಗೆ ನಾನು ಕೊಡಬಹುದಾದ ಮೊದಲ ಉತ್ತರ.

ಆಗ ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಹಾಸ್ಟೆಲ್‌ನಲ್ಲಿ ಒಬ್ಬನ ಲ್ಯಾಪ್‌ಟಾಪ್‌ನಿಂದ ಇನ್ನೊಬ್ಬನ ಪೆನ್‌ಡ್ರೈವ್‌ಗೆ ಹಾಡು ಓಡಾಡುತ್ತಿದ್ದ ಕಾಲ. ಒಂದು ರಾತ್ರಿ ಪಕ್ಕದ ರೂಮಿನಿಂದ ಡ್ರಮ್ಸ್ ಜೊತೆ ಶರೀಫರ ಪದ ಕೇಳಿಸಿತು. ನಾನು ಓದುತ್ತಿದ್ದ ಪುಸ್ತಕ ಹಾಗೇ ಬಿಟ್ಟು ಎದ್ದು ಹೋದೆ. ಹೇಗೆ ಹೇಳಲಿ? ಮನೆಯಲ್ಲಿ ಹಳೆಯದಾಯಿತು ಅಂತ ಅಟ್ಟಕ್ಕೆ ಹಾಕಿದ್ದ ಹಿತ್ತಾಳೆ ಚರಿಗೆಯನ್ನು ದೊಡ್ಡ ಹೋಟೆಲ್ಲಿನ ಬಾಗಿಲಲ್ಲಿ ಹೂವಿಟ್ಟು ನಿಲ್ಲಿಸಿದ್ದು ನೋಡಿದ ಹಾಗಾಯಿತು. ಅಲ್ಲಿಯವರೆಗೆ ನಾನು ಗೆಳೆಯರ ಮುಂದೆ ನಮ್ಮ ಮುತ್ಯಾ ಭಜನಿ ಹಾಡ್ತಾರೆ ಅಂತ ಬಾಯಿ ಬಿಟ್ಟಿರಲಿಲ್ಲ. ಅವತ್ತು ಬಿಟ್ಟೆ.

ಆ ಪಕ್ಕದ ರೂಮಿನ ಹುಡುಗರೇ ಆಮೇಲೆ ಒಂದು ಬ್ಯಾಂಡ್ ಕಟ್ಟಿದರು. ಅವರ ಮಾತು ಕೊನೆಗೆ ಹೇಳುತ್ತೇನೆ.

2010ರ ನವೆಂಬರ್. ಬಿಬಿಸಿ ಎರಡನೇ ಚಾನೆಲ್‌ನಲ್ಲಿ 'ಲೇಟರ್... ವಿತ್ ಜೂಲ್ಸ್ ಹಾಲೆಂಡ್' ಅಂತ ಒಂದು ಕಾರ್ಯಕ್ರಮ. 1992ರಿಂದ ನಡೆಯುತ್ತಿದೆ. ಒಂದೇ ಸ್ಟುಡಿಯೊದಲ್ಲಿ ಸುತ್ತಲೂ ನಾಲ್ಕಾರು ತಂಡ ನಿಲ್ಲಿಸಿ, ಸರದಿಯಂತೆ ನುಡಿಸಲು ಬಿಡುತ್ತಾರೆ. ಜಗತ್ತಿನ ದೊಡ್ಡ ದೊಡ್ಡ ಹೆಸರಿನವರ ಪಕ್ಕದಲ್ಲಿ ಹೊಸಬರು. ಅಲ್ಲಿ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಈ ತಂಡ ನಿಂತಿತು. ಕಾರ್ಯಕ್ರಮ ಪ್ರಸಾರವಾದ ಮೇಲೆ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೆ ಹೋಯಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆ ಇವರಿಗೆ ಹೊಸಬರ ಪ್ರಶಸ್ತಿ ಕೊಟ್ಟಿತು. ಹತ್ತು ವರ್ಷಕ್ಕೂ ಹೆಚ್ಚು ಹಾಡಿದವರು ಅವರ ಲೆಕ್ಕದಲ್ಲಿ 'ಹೊಸಬರು'! ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. 1970ರಲ್ಲಿ ಒಬ್ಬ ಹೈನುಗಾರ ತನ್ನ ಹೊಲದಲ್ಲಿ ಶುರು ಮಾಡಿದ ಹಾಡಿನ ಜಾತ್ರೆ ಅದು. ಕೆಸರು, ಡೇರೆ, ಲಕ್ಷಕ್ಕೂ ಮಿಕ್ಕಿದ ಜನ. ನಮ್ಮ ಕಡೆಯವರಿಗೆ ಹೊಲದಲ್ಲಿ ಜಾತ್ರೆ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾವು ಬಂದೆವು. ನಾವು ಅಂದರೆ ಚಾನೆಲ್‌ನವರು. ಲಂಡನ್ ಕೈ ತಟ್ಟಿದ ಮೇಲೆ ನಾವು ಮೈಕ್ ಹಿಡಿದೆವು. 'ಕನ್ನಡದ ಹೆಮ್ಮೆ' ಅಂದೆವು. ತಪ್ಪಲ್ಲ, ಹೆಮ್ಮೆಯೇ ಹೌದು. ಆದರೆ ಆ ಹೆಮ್ಮೆ 2005ರಲ್ಲೂ ನಮ್ಮ ನಡುವೆಯೇ ಬಸ್ಸು ಹತ್ತಿ ಇಳಿದು ಓಡಾಡುತ್ತಿತ್ತಲ್ಲ? ಆಗ ಯಾಕೆ ಕಾಣಲಿಲ್ಲ?

ಇನ್ನೊಂದು ಲೆಕ್ಕವೂ ಇದೆ. ಶರೀಫರು ಬದುಕಿದ್ದು 1819ರಿಂದ 1889. ಅವರ ಪದಗಳನ್ನು ಉಳಿಸಿದ್ದು ಭಜನಿ ಮ್ಯಾಳಗಳ ಬಾಯಿ. ಸಿ. ಅಶ್ವಥ್ ರಾಗ ಹಾಕಿದರು, ಶಿವಮೊಗ್ಗ ಸುಬ್ಬಣ್ಣ ಹಾಡಿದರು. 1990ರಲ್ಲಿ ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಆಮೇಲೆ ಆ ಹಾಡುಗಳು ನಾಡಿಗೆಲ್ಲ ಹೋದವು. ಸಂತ ತೀರಿಕೊಂಡ ಮೇಲೆ ಆ ಸಿನಿಮಾ ಬರಲು ನೂರು ವರ್ಷ ಬೇಕಾಯಿತು. ಆ ನೂರು ವರ್ಷ ಪದವನ್ನು ಕೈಯಿಂದ ಕೈಗೆ ದಾಟಿಸಿದವರ ಹೆಸರು ಯಾವ ಆಲ್ಬಂ ಮೇಲೂ ಇಲ್ಲ. ಹತ್ತು ವರ್ಷ ಕಾದ ಬ್ಯಾಂಡ್ ನಿಂತದ್ದು ನೂರು ವರ್ಷ ಕಾದ ಹಾಡಿನ ಮೇಲೆ. ಮುತ್ಯಾ ಕೇಳಿದ 'ಎಷ್ಟ ರಾತ್ರಿ'ಯಲ್ಲಿ ಅವರ ರಾತ್ರಿಗಳೂ ಇದ್ದವು ಅಂತ ನನಗೆ ಹೊಳೆದದ್ದು ಬಹಳ ತಡವಾಗಿ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಚಂದದ ಕಥೆ. ಕಷ್ಟಪಟ್ಟರೆ ಫಲ ಉಂಟು ಅಂತ ಹೇಳಿ ಬ್ರೇಕ್ ತಗೋಬಹುದು. ಆದರೆ ಅದು ಅರ್ಧ ಸತ್ಯ. ಮೈಸೂರಿನಲ್ಲೇ ಹುಟ್ಟಿದ, ವಾಸು ದೀಕ್ಷಿತ್ ಕಟ್ಟಿದ ಸ್ವರಾತ್ಮ ತಂಡ 2006ರಲ್ಲಿ ರೇಡಿಯೊ ಸ್ಪರ್ಧೆ ಗೆದ್ದು, 2009ರಲ್ಲಿ ಆಲ್ಬಂ ತಂದು ನೆಲೆ ಕಂಡುಕೊಂಡಿತು. ಹೀಗೆ ಬೆರಳೆಣಿಕೆಯ ಹೆಸರು ಹೇಳಬಹುದು. ಉಳಿದವರು? ಸಾವಿರ ರಾತ್ರಿ ಕೂತು, ಸಾವಿರದ ಒಂದನೇ ರಾತ್ರಿ ಎದ್ದು ಹೋದವರು? ಅವರು ಬುಲೆಟಿನ್‌ಗೆ ಬರುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ಸೂತ್ರ ಬರೆದರೆ ಅದು ತಪ್ಪು ಲೆಕ್ಕ ಅಂತ ನಮಗೆ ಮೊದಲ ವರ್ಷದಲ್ಲೇ ಕಲಿಸಿದ್ದರು.

ಹಾಸ್ಟೆಲ್‌ನ ಆ ಗೆಳೆಯರ ಮಾತಿಗೆ ಬರುತ್ತೇನೆ. ಹೆಸರು ಬೇಡ. ನಾಲ್ಕು ಜನ. ಶರೀಫರ ಪದ, ನಮ್ಮ ಕಡೆಯ ಗೀಗೀ ಪದದ ಮಟ್ಟು, ಅದಕ್ಕೆ ಗಿಟಾರ್ ಮತ್ತು ಡ್ರಮ್ಸ್. ಡಿಗ್ರಿ ಮುಗಿದ ಮೇಲೂ ಬಿಡಲಿಲ್ಲ. ಶನಿವಾರ-ಭಾನುವಾರ ಸೇರಿ ನುಡಿಸುತ್ತಿದ್ದರು. 2014ರಲ್ಲಿ ಡ್ರಮ್ಸ್ ನುಡಿಸುವವನು ನನಗೆ ಫೋನ್ ಮಾಡಿದ. "ದೋಸ್ತ, ನಿಮ್ಮ ಚಾನೆಲ್‌ನ್ಯಾಗ ಒಂದು ಹತ್ತ ನಿಮಿಷ ಸಿಗತೈತೇನ?"

ನಾನು ಕೇಳಿದೆ, "ವ್ಯೂಸ್ ಎಷ್ಟ ಬಂದಾವ?"

"ನಾಕ ಸಾವಿರ."

"ಒಂದ ಲಕ್ಷ ಆಗಲಿ ದೋಸ್ತ, ಆಮ್ಯಾಲ ನೋಡೂಣು."

ಮುತ್ಯಾ 'ಎಷ್ಟ ರಾತ್ರಿ' ಅಂತ ಕೇಳಿ ಆಗಿನ್ನೂ ಒಂದು ವರ್ಷ ಆಗಿತ್ತು. ನಾನು 'ಎಷ್ಟು ವ್ಯೂಸ್' ಅಂತ ಕೇಳಿದೆ. ಯಾವ ಖಾನೆಗೆ ಇಡಲಿ ಅಂತ ಕೇಳಿದ ಕ್ಯಾಸೆಟ್ ಅಂಗಡಿಯವನಿಗೂ ನನಗೂ ಏನು ಫರಕು? ಅವನಿಗಾದರೂ ಬಾಡಿಗೆ ಕಟ್ಟುವ ಚಿಂತೆ ಇತ್ತು. ನನ್ನ ಹತ್ತಿರ ಆ ವಾರ ಖಾಲಿ ಹತ್ತು ನಿಮಿಷ ಇತ್ತು. ಆ ಹತ್ತು ನಿಮಿಷದಲ್ಲಿ ಏನು ಹಾಕಿದೆವು ಅಂತ ನನಗೆ ನೆನಪಿಲ್ಲ. ನಿಮಗೂ ನೆನಪಿರಲಿಕ್ಕಿಲ್ಲ.

ಮರುವರ್ಷ ಆ ಬ್ಯಾಂಡ್ ನಿಂತಿತು. ನನ್ನ ಹತ್ತು ನಿಮಿಷ ಕೊಟ್ಟಿದ್ದರೆ ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಅಷ್ಟು ದೊಡ್ಡವನಲ್ಲ ನಾನು. ಒಬ್ಬನಿಗೆ ಮದುವೆ ಆಯಿತು, ಒಬ್ಬ ಪುಣೆಗೆ ಹೋದ. ಡ್ರಮ್ಸ್ ಮಾರಿದ ದಿನ ಗೆಳೆಯ ಫೋಟೊ ಕಳಿಸಿದ್ದ. ಖಾಲಿ ಕೋಣೆ, ನೆಲದ ಮೇಲೆ ಡ್ರಮ್ಸ್ ಕಾಲಿನ ಗುರುತು. ಕೆಳಗೆ ಒಂದಕ್ಷರವೂ ಬರೆದಿರಲಿಲ್ಲ.

ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಮುತ್ಯಾನಿಗೆ ರಘು ದೀಕ್ಷಿತ್ ತಂಡದ ಶರೀಫರ ಪದ ಕೇಳಿಸಿದೆ. ಕಟ್ಟೆ ಮೇಲೆ ಕೂತು, ಫೋನನ್ನು ಕಿವಿಗೆ ಹಿಡಿದುಕೊಂಡು ಪೂರಾ ಕೇಳಿದರು. ಮುಖದಲ್ಲಿ ಮೆಚ್ಚುಗೆಯೂ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ. ಎಡಗೈ ಬೆರಳು ಮಾತ್ರ ತೊಡೆ ಮೇಲೆ ತಾಳ ಹಿಡಿದಿತ್ತು. ಮುಗಿದ ಮೇಲೆ ಫೋನ್ ವಾಪಸ್ ಕೊಟ್ಟು ಅಂದರು:

"ಬಡಿಯಾವ ಚಲೋ ಬಡಿತಾನ. ಭಾಳ ದಿನಾ ಕೂಡಿ ಕೂತಾರ ಇವರು."

ನಾನು ಹತ್ತು ವರ್ಷ, 3,650 ರಾತ್ರಿ ಅಂತ ಲೆಕ್ಕ ಹೇಳಿದೆ. ಅವರು ತಲೆ ಆಡಿಸಿದರು. "ಹೂಂ. ಕೇಳಿದ್ರ ಗೊತ್ತಾಗತೈತಿ."

ನನಗೆ ಗೊತ್ತಾಗಲು ಇಂಟರ್‌ನೆಟ್, ಹಳೆಯ ಸಂದರ್ಶನ, ಇಸವಿ ಎಲ್ಲ ಬೇಕಾಯಿತು. ಅವರಿಗೆ ನಾಲ್ಕು ನಿಮಿಷದ ತಾಳ ಸಾಕಾಯಿತು.

ಮುತ್ಯಾ ಈಗಿಲ್ಲ. ಶನಿವಾರದ ಭಜನಿ ಇದೆ, ದಮ್ಮಡಿ ನಮ್ಮ ಕಾಕಾನ ಕೈಯಲ್ಲಿದೆ. 2023ರಲ್ಲಿ ಮೈಸೂರಿನ ಆರ್ಕೆಸ್ಟ್ರಾ ಹಾಡುಗಾರರ ಬದುಕಿನ ಮೇಲೆ 'ಆರ್ಕೆಸ್ಟ್ರಾ ಮೈಸೂರು' ಅಂತ ಸಿನಿಮಾ ಬಂತು. ರಘು ದೀಕ್ಷಿತ್ ಅದಕ್ಕೆ ಸಂಗೀತ ಕೊಟ್ಟರು, ನಿರ್ಮಾಣಕ್ಕೂ ಕೈಜೋಡಿಸಿದರು. ಹೆಸರಿಲ್ಲದ ಹಾಡುಗಾರರ ಕಥೆಗೆ, ಒಂದು ಕಾಲಕ್ಕೆ ಹೆಸರಿಲ್ಲದೆ ಹಾಡಿದ ಮನುಷ್ಯ ದುಡ್ಡು ಹಾಕಿದ್ದು ನೋಡಿ ನನಗೆ ಮುತ್ಯಾ ನೆನಪಾದರು.

ಈಗ ನಮ್ಮ ಡೆಸ್ಕ್‌ನಲ್ಲಿ ಹೊಸ ಹುಡುಗರು ಸ್ಕ್ರಿಪ್ಟ್ ಬರೆಯುತ್ತಾರೆ. ಅದರಲ್ಲಿ 'ರಾತ್ರೋರಾತ್ರಿ ಸ್ಟಾರ್' ಅಂತ ಬಂದರೆ ನಾನು ಪ್ರಿಂಟ್ ಪಕ್ಕದಲ್ಲಿ ಪೆನ್ಸಿಲ್‌ನಿಂದ ಎರಡು ಪದ ಬರೆದು ವಾಪಸ್ ಕಳಿಸುತ್ತೇನೆ. ಮೊದಮೊದಲು ಅವರಿಗೆ ಅರ್ಥವಾಗುತ್ತಿರಲಿಲ್ಲ. ಈಗ ಅವರೇ ಫೋನ್ ಮಾಡಿ ವಿಚಾರಿಸಿಕೊಂಡು ಬರುತ್ತಾರೆ: ಎಷ್ಟು ರಾತ್ರಿ?